ತುಟಿಯಲ್ಲಿ ಜಪ, ಕಿವಿ ಕುಕ್ಕರಿನ ಕಡೆ

ಸಂಜೆ ಜಪಸರ ಹಿಡಿದು ಕುಳಿತಿದ್ದೀರಿ. ತುಟಿ ಪ್ರಾರ್ಥಿಸುತ್ತಿದೆ, ಕಿವಿ ಕುಕ್ಕರಿನ ಕೂಗು ಎಣಿಸುತ್ತಿದೆ. ಮುಗಿದದ್ದು ಮೂರನೆಯ ರಹಸ್ಯವೋ ನಾಲ್ಕನೆಯದೋ ತಿಳಿಯದು. ಮೂರನೆಯ ಕೂಗು ಆಯಿತೆಂಬುದು ಮಾತ್ರ ಖಚಿತ! ಊಟದ ಹೊತ್ತಿಗೆ ಮಗಳು ಶಾಲೆಯ ಸುದ್ದಿ ಹೇಳುತ್ತಾಳೆ. ನೀವು 'ಹೂಂ' ಎನ್ನುತ್ತೀರಿ, ಕಣ್ಣು ಮೊಬೈಲಿನ ಮೇಲೆ. ಅವಳು ಮಾತನ್ನು ಅರ್ಧಕ್ಕೇ ನಿಲ್ಲಿಸಿದ್ದು ನಿಮ್ಮ ಗಮನಕ್ಕೆ ಬಂತೇ?

ಎರಡು ಕೆಲಸ ಒಟ್ಟಿಗೆ ಮಾಡಿದೆವೆಂದು ನಮಗೆ ಹೆಮ್ಮೆ. ಆದರೆ ಒಂದನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದೆಯೇ ಉಳಿಯುತ್ತದೆ, ಮುಂದಿನ ಕೆಲಸ ಕೆಡುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ದೋಸೆ ಹುಯ್ಯುವವರಿಗೆ ಇದು ಹೊಸತಲ್ಲ. ಹಂಚಿಗೆ ಹಿಂದಿನ ದೋಸೆಯ ಚೂರು ಅಂಟಿಕೊಂಡಿದ್ದರೆ ಮುಂದಿನದು ಹರಿದೇ ಏಳುತ್ತದೆ.

1691ರಲ್ಲಿ ತೀರಿಕೊಂಡ ಸಹೋದರ ಲಾರೆನ್ಸ್ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಅಡುಗೆಯವರಾಗಿದ್ದರು. ಮೊದಲು ಸೈನಿಕರು, ಕಾಲಿಗೆ ಪೆಟ್ಟಾಗಿ ಕುಂಟುತ್ತಿದ್ದರು. ಅಡುಗೆ ಕೆಲಸವೆಂದರೆ ಅವರಿಗೆ ಸ್ವಭಾವತಃ ಒಗ್ಗದು. ಆದರೂ ಪ್ರಾರ್ಥನೆಯ ವೇಳೆಗೂ ಪಾತ್ರೆಗಳ ಸದ್ದಿನ ವೇಳೆಗೂ ತಮಗೆ ವ್ಯತ್ಯಾಸವೇ ಇಲ್ಲವೆನ್ನುತ್ತಿದ್ದರು. ಕೈಯಲ್ಲಿದ್ದ ಸಣ್ಣ ಕೆಲಸವನ್ನೇ ದೇವರ ಮೇಲಿನ ಪ್ರೀತಿಯಿಂದ ಮಾಡುತ್ತಿದ್ದರು, ಅಷ್ಟೇ.

"ಮಠದಲ್ಲಿ ಮಗು ಅಳುವುದಿಲ್ಲವಲ್ಲ!" ಎಂದು ತಾಯಂದಿರು ಕೇಳಬಹುದು. ನ್ಯಾಯವಾದ ಮಾತೇ. ರೋಮಿನ ಸಂತ ಫ್ರಾನ್ಸೆಸ್ (1384–1440) ಗಂಡ, ಮಕ್ಕಳು, ದೊಡ್ಡ ಮನೆವಾರ್ತೆ ಇದ್ದವರು. ಒಮ್ಮೆ ಪ್ರಾರ್ಥನೆಯ ಒಂದೇ ಸಾಲಿನಲ್ಲಿದ್ದಾಗ ನಾಲ್ಕು ಸಲ ಕರೆ ಬಂತಂತೆ. ನಾಲ್ಕು ಸಲವೂ ಪುಸ್ತಕ ಮುಚ್ಚಿ ಎದ್ದುಹೋದರಂತೆ. ಮರಳಿ ಬಂದಾಗ ಆ ಸಾಲು ಬಂಗಾರದ ಅಕ್ಷರಗಳಲ್ಲಿ ಹೊಳೆಯುತ್ತಿತ್ತೆಂಬುದು ಐತಿಹ್ಯ. ನನಗೆ ಬಂಗಾರಕ್ಕಿಂತ ಆ ಪುಸ್ತಕ ಮುಚ್ಚಿದ ಬಗೆಯೇ ದೊಡ್ಡದಾಗಿ ಕಾಣುತ್ತದೆ. ನಾವು ಕರೆದಲ್ಲಿಗೆ ಹೋಗುತ್ತೇವೆ, ನಿಜ; ಆದರೆ ಗೊಣಗುತ್ತಾ, ಬಿಟ್ಟು ಬಂದದ್ದನ್ನು ಹೊತ್ತುಕೊಂಡೇ ಹೋಗುತ್ತೇವೆ. ಆ ಸಿಡುಕು ಬೀಳುವುದು ಕರೆದವರ ಮೇಲೆ. ಕೆಲಸ ಮುಗಿಸುವುದು ಎಲ್ಲ ಹೊತ್ತಿನಲ್ಲೂ ನಮ್ಮ ಕೈಯಲ್ಲಿಲ್ಲ. ಮುಚ್ಚಿಟ್ಟು ಏಳುವುದು ನಮ್ಮ ಕೈಯಲ್ಲಿದೆ.

ಇಂದು ಜಪಸರಕ್ಕೆ ಮೊದಲೇ ಒಲೆ ಆರಿಸಿದರೆ ಊಟ ಕಾಲು ಗಂಟೆ ತಡವಾದೀತು. ಆಗಲಿ ಬಿಡಿ. ಮೊಬೈಲು ಒಳಕೋಣೆಯಲ್ಲಿರಲಿ. ಅಂದ ಹಾಗೆ, ಮಗಳ ಸುದ್ದಿ ಅರ್ಧಕ್ಕೇ ನಿಂತಿತ್ತಲ್ಲ, ಆಮೇಲೆ ಶಾಲೆಯಲ್ಲಿ ಏನಾಯಿತಂತೆ?