ಹೆಕ್ಟರ್ ಕೊಟ್ಟ ಕತ್ತಿ

ಗ್ರೀಕ್ ಪುರಾಣವನ್ನು ಮಕ್ಕಳ ಕೈಗೆ ಆತ್ಮಪರೀಕ್ಷೆಯ ಕನ್ನಡಿಯಾಗಿ ಕೊಡುವ ಪದ್ಧತಿ ಪಶ್ಚಿಮದ ಶಾಲೆಗಳಲ್ಲಿ ಬಳಕೆಯಲ್ಲಿದೆ. ಹಾಳೆಯ ನಡುವೆ ಒಂದು ಗೆರೆ. ಈಚೆಗೆ ಅಕಿಲೀಸನ ಶಕ್ತಿ, ಆಚೆಗೆ ಅವನ ದೌರ್ಬಲ್ಯ. ಕೆಳಗೆ ವಿದ್ಯಾರ್ಥಿ ತನ್ನ ಲೆಕ್ಕವನ್ನೂ ಬರೆಯಬೇಕು. ಉದ್ದೇಶದ ಬಗ್ಗೆ ತಕರಾರಿಲ್ಲ, ತಕರಾರು ಆ ಗೆರೆಯದು. ಅಕಿಲೀಸ್ ಎಂದೊಡನೆ ನೆನಪಾಗುವ ಹಿಮ್ಮಡಿಯನ್ನೇ ನೋಡಿ. ಅದು ಹೋಮರನಲ್ಲಿ ಇಲ್ಲವೇ ಇಲ್ಲ. ತಾಯಿ ಮಗುವನ್ನು ಸ್ಟಿಕ್ಸ್ ನದಿಯಲ್ಲಿ ಅದ್ದಿದ ಪ್ರಸಂಗ ನಮಗೆ ಸಿಗುವುದು ಕ್ರಿ.ಶ. 1ನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಮೈಯೆಲ್ಲ ಉಕ್ಕು, ಒಂದು ಕಡೆ ಮಾತ್ರ ಮೆತ್ತಗೆ ಎಂಬ ಕಲ್ಪನೆ ಗೆರೆ ಎಳೆಯುವವರಿಗೆ ಬಹಳ ಅನುಕೂಲ. ಆದರೆ ‘ಇಲಿಯಡ್’ ಶುರುವಾಗುವುದು ಸಿಟ್ಟು ಎಂಬ ಪದದಿಂದ. ಆ ಸಿಟ್ಟು ಅಕಿಲೀಸನನ್ನು ಡೇರೆಯೊಳಗೆ ಕೂರಿಸಿ ಗೆಳೆಯ ಪೆಟ್ರೊಕ್ಲಸ್‌ನ ಸಾವಿಗೆ ದಾರಿ ಮಾಡಿತು. ಅವನನ್ನು ಎಬ್ಬಿಸಿ ಟ್ರಾಯ್‌ನ ವೀರ ಹೆಕ್ಟರನನ್ನು ಕೊಲ್ಲಿಸಿದ್ದೂ ಸಿಟ್ಟೇ. ಅದನ್ನು ಗೆರೆಯ ಯಾವ ಕಡೆ ಬರೆಯುವುದು?

ಒಡಿಸ್ಯೂಸ್ ಇನ್ನೂ ತೊಡಕಿನವನು. ಒಕ್ಕಣ್ಣ ಪಾಲಿಫೀಮಸ್‌ನ ಗವಿಯಲ್ಲಿ ತನ್ನ ಹೆಸರು ‘ಯಾರೂ ಅಲ್ಲ’ ಎಂದು ಹೇಳಿ ಬದುಕಿಕೊಂಡ. ಹಡಗು ಹತ್ತಿ ದೂರ ಸಾಗಿದ ಮೇಲೆ ತಡೆದುಕೊಳ್ಳಲಾಗಲಿಲ್ಲ. ತನ್ನ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಕೂಗಿ ಹೇಳಿದ. ಶಾಪ ತಲುಪಲು ವಿಳಾಸ ಬೇಕು, ವಿಳಾಸವನ್ನು ಅವನೇ ಕೊಟ್ಟ. ಪಾಲಿಫೀಮಸ್ ತಂದೆ ಪೊಸೈಡನ್‌ಗೆ ಮೊರೆಯಿಟ್ಟ, ಕಡಲ ದೇವರು ಹಗೆಯಾದ. ಜಾಣತನ ಬೇರೆ, ಜಂಬ ಬೇರೆ, ಇವೆರಡರ ನಡುವೆ ಗೆರೆ ಎಳೆಯಬಹುದಲ್ಲ ಎಂದು ಯಾರಾದರೂ ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮುಂದೆ ತನಗೆ ಆಶ್ರಯ ಕೊಟ್ಟ ಫೇಯೇಷಿಯರ ಆಸ್ಥಾನದಲ್ಲಿ ಒಡಿಸ್ಯೂಸ್ ತನ್ನ ಪರಿಚಯ ಹೇಳಿಕೊಳ್ಳುವುದು ಉಪಾಯಗಳಿಂದಲೇ ಹೆಸರಾದವನು ಎಂದು. ಮಾಡಿದ ಉಪಾಯ ತನ್ನದೆಂದು ಲೋಕಕ್ಕೆ ಗೊತ್ತಾಗದಿದ್ದರೆ ಅವನ ಪಾಲಿಗೆ ಅದು ಅರ್ಧ ಗೆಲುವು.

ಶಕ್ತಿ, ದೌರ್ಬಲ್ಯಗಳ ನಡುವೆ ಗೆರೆ ನಿಲ್ಲುವುದಿಲ್ಲ ಎಂಬ ಮಾತಿಗೆ ಅತ್ಯುತ್ತಮ ಸಾಕ್ಷಿ ಟ್ರಾಯ್ ಯುದ್ಧದ ಗ್ರೀಕ್ ವೀರ ಏಜಾಕ್ಸ್. ಬಿ.ಎಂ.ಶ್ರೀ. ‘ಅಶ್ವತ್ಥಾಮನ್’ ಬರೆದಾಗ ಆಧಾರವಾಗಿಟ್ಟುಕೊಂಡದ್ದು ಸಾಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನೇ, ಹಾಗಾಗಿ ಕನ್ನಡ ಓದುಗರಿಗೆ ಇವನು ತೀರ ಪರಕೀಯನಲ್ಲ. ಏಳು ಪದರ ಎತ್ತಿನ ಚರ್ಮದ ಮೇಲೆ ಕಂಚು ಹೊದಿಸಿದ ಗುರಾಣಿ ಹಿಡಿದು ನಿಂತರೆ ಅವನೇ ಒಂದು ಕೋಟೆ. ದೇವರ ನೆರವಿನಿಂದ ಗೆಲ್ಲು ಎಂದು ತಂದೆ ಹೇಳಿ ಕಳಿಸಿದರೆ, ದೇವರ ನೆರವಿದ್ದರೆ ಕೈಲಾಗದವನೂ ಗೆಲ್ಲುತ್ತಾನೆ, ನಾನು ಅದಿಲ್ಲದೆಯೇ ಗೆಲ್ಲುತ್ತೇನೆ ಎಂದ. ಬೆಂಬಲಕ್ಕೆ ಬಂದ ದೇವತೆ ಅಥೀನಾಳಿಗೆ ಬೇರೆಯವರ ಪಕ್ಕ ಹೋಗಿ ನಿಲ್ಲು ಎಂದುಬಿಟ್ಟ. ಈ ಸ್ವಾವಲಂಬನೆಯನ್ನು ಯಾವ ಮೇಷ್ಟ್ರು ಶಕ್ತಿಯ ಕಡೆ ಬರೆಸುವುದಿಲ್ಲ? ಅಕಿಲೀಸ್ ಸತ್ತ ಮೇಲೆ ಅವನ ಆಯುಧ, ಕವಚಗಳು ಒಡಿಸ್ಯೂಸ್‌ನ ಪಾಲಾದವು. ಯಾರ ಹಂಗೂ ಇಲ್ಲದೆ ನಿಂತವನಿಗೆ ಆ ಅವಮಾನವನ್ನು ಹಂಚಿಕೊಳ್ಳಲೂ ಯಾರೂ ಇರಲಿಲ್ಲ. ಅಥೀನಾ ಕವಿಸಿದ ಹುಚ್ಚಿನಲ್ಲಿ ದನಕುರಿಗಳನ್ನೇ ಗ್ರೀಕ್ ದಳಪತಿಗಳೆಂದು ಕಡಿದ. ಒಂದನ್ನು ಕಂಬಕ್ಕೆ ಕಟ್ಟಿ, ಒಡಿಸ್ಯೂಸ್ ಎಂದುಕೊಂಡು ಚಾಟಿಯಲ್ಲಿ ಬಾರಿಸಿದ. ಹುಚ್ಚು ಇಳಿದ ಮೇಲೆ ನೆಲದಲ್ಲಿ ಕತ್ತಿ ನೆಟ್ಟು ಅದರ ಮೇಲೆ ಬಿದ್ದ. ಆ ಕತ್ತಿ ಹಿಂದೊಮ್ಮೆ ದ್ವಂದ್ವಯುದ್ಧದ ಕೊನೆಗೆ ಅವನ ಶೌರ್ಯ ಮೆಚ್ಚಿ ಹೆಕ್ಟರ್ ಕೊಟ್ಟದ್ದು.

ಡೆಲ್ಫಿಯ ಅಪೋಲೊ ಗುಡಿಯಲ್ಲೇ ‘ನಿನ್ನನ್ನು ನೀನು ತಿಳಿ’ ಎಂದು ಬರೆದಿತ್ತು, ಆದ್ದರಿಂದ ಶಾಲೆಯ ಅಭ್ಯಾಸ ಗ್ರೀಕರಿಗೆ ಒಪ್ಪುವಂಥದ್ದೇ ಎಂಬ ಸಮರ್ಥನೆಯಿದೆ. ಅರ್ಧ ನಿಜ. ಆ ಗುಡಿಯ ಬಾಗಿಲಲ್ಲಿ ಆ ಮಾತಿಗಿದ್ದ ಹಳೆಯ ಅರ್ಥ, ನೀನು ಸಾಯುವ ಮನುಷ್ಯ, ದೇವರಲ್ಲ ಎಂಬುದನ್ನು ಮರೆಯಬೇಡ ಎಂದು. ‘ಒಲಿಂಪಸ್‌ನ ದೇವತೆಗಳಲ್ಲಿ ನೀನು ಯಾರ ಹಾಗೆ?’ ಎಂದು ಮಗುವನ್ನು ಕೇಳುವುದು ಆ ಬರಹವನ್ನು ತಲೆಕೆಳಗು ಮಾಡಿದ ಹಾಗೆ. ಪ್ಲೇಟೊನ ಆಕ್ಷೇಪಣೆ ಇದಕ್ಕಿಂತ ಗಟ್ಟಿ. ದೇವತೆಗಳ ವಂಚನೆ, ವೀರರ ಗೋಳಾಟ ಎಳೆಯ ಮನಸ್ಸನ್ನು ಕೆಡಿಸುತ್ತವೆ, ಅಂಥ ಕಥೆಗಳನ್ನು ಕತ್ತರಿಸಬೇಕು ಎಂದು ‘ರಿಪಬ್ಲಿಕ್’ನಲ್ಲಿ ವಾದಿಸಿದ. ಜ್ಯೂಸ್‌ನ ಕೆಲವು ಸಾಹಸಗಳನ್ನು ಹತ್ತು ವರ್ಷದವರ ಮುಂದೆ ಇಡಬೇಕಿಲ್ಲ, ಅಷ್ಟರ ಮಟ್ಟಿಗೆ ಅವನು ಸರಿ. ಆದರೆ ಅಕಿಲೀಸ್ ಅಳುವುದನ್ನು ಕಾಣದ ಹುಡುಗ ತಪ್ಪುಗಳೆಲ್ಲ ಕೆಟ್ಟವರ ಸೊತ್ತು ಎಂದು ನಂಬಿ ಬೆಳೆಯುತ್ತಾನೆ.

ನನ್ನ ವಾದಕ್ಕೇ ತಿರುಗಿಬೀಳುವ ಆಕ್ಷೇಪಣೆ ಇನ್ನೊಂದಿದೆ. ಅರಿಸ್ಟಾಟಲ್ ‘ಕಾವ್ಯಮೀಮಾಂಸೆ’ಯಲ್ಲಿ ಬಳಸಿದ ‘ಹಮಾರ್ಷಿಯ’ ಎಂಬ ಪದಕ್ಕೆ ಸ್ವಭಾವದ ದೋಷ ಎಂಬುದಕ್ಕಿಂತ ಎಡವಟ್ಟು, ಗುರಿ ತಪ್ಪಿದ್ದು ಎಂಬ ಅರ್ಥವೇ ಹತ್ತಿರ. ಈಡಿಪಸ್‌ನ ದುರಂತ ಅವನು ಹುಟ್ಟುವ ಮೊದಲೇ ನುಡಿದಾಗಿತ್ತು; ಅವನ ಛಲವನ್ನೋ ಮುಂಗೋಪವನ್ನೋ ಕಾರಣವೆಂದು ತೋರಿಸಿದರೆ ಲೆಕ್ಕ ಸರಿಹೋಗುವುದಿಲ್ಲ. ಎಲ್ಲ ನೋವಿಗೂ ನೊಂದವನ ದೌರ್ಬಲ್ಯವೇ ಮೂಲ ಎಂದು ಕಲಿಸಿದರೆ, ಮನೆಯಲ್ಲಿ ಕಷ್ಟ ಉಂಡು ತರಗತಿಗೆ ಬಂದ ಮಗುವಿಗೆ ಅದು ಇನ್ನೊಂದು ಪೆಟ್ಟು. ಈ ಮಿತಿಯನ್ನು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ. ಬಹುಶಃ ಅದಕ್ಕೇ ಪಾಠವನ್ನು ಏಜಾಕ್ಸನಿಗಿಂತ ಅವನನ್ನು ನೋಡುತ್ತ ನಿಂತವನಿಂದ ಶುರುಮಾಡುವುದು ಲೇಸು. ‘ಏಜಾಕ್ಸ್’ ನಾಟಕದ ಆರಂಭದಲ್ಲಿ ಅಥೀನಾ ಒಡಿಸ್ಯೂಸ್‌ನನ್ನು ಕರೆದು, ಹುಚ್ಚು ಹಿಡಿದ ವೈರಿಯನ್ನು ತೋರಿಸಿ, ಬಿದ್ದ ಹಗೆಯನ್ನು ಕಂಡು ನಗುವುದಕ್ಕಿಂತ ಸವಿ ಏನಿದೆ ಎನ್ನುತ್ತಾಳೆ. ಒಡಿಸ್ಯೂಸ್ ನಗುವುದಿಲ್ಲ. ಅಲ್ಲಿ ಅವನಿಗೆ ಕಾಣುವುದು ಏಜಾಕ್ಸ್‌ನ ಪಾಡಿನಷ್ಟೇ ತನ್ನ ಪಾಡು. ಕೊನೆಗೆ ಆ ವೈರಿಯ ಹೆಣಕ್ಕೆ ಮಣ್ಣು ಸಿಗಬೇಕೆಂದು ಗ್ರೀಕ್ ದಂಡನಾಯಕ ಅಗಮೆಮ್ನಾನ್‌ನ ಎದುರು ವಾದಿಸಿ ಗೆಲ್ಲುವವನೂ ಅವನೇ.