ಬಿಡುವುದು, ಬಿಟ್ಟು ಬರುವುದು

ಕನ್ನಡದಲ್ಲಿ ‘ಬಿಡು’ ಎಂಬ ಮಾತಿಗೆ ಎಷ್ಟು ಮುಖಗಳಿವೆ ನೋಡಿ. ಕರುವನ್ನು ಹಾಲಿಗೆ ಬಿಡುತ್ತೇವೆ, ಏಕಾದಶಿಗೆ ಊಟ ಬಿಡುತ್ತೇವೆ, ಮಗಳನ್ನು ಗಂಡನ ಮನೆಗೆ ಬಿಟ್ಟು ಬರುತ್ತೇವೆ, ಸಾಯುವವರ ಬಾಯಿಗೆ ನೀರು ಬಿಡುತ್ತೇವೆ. ನಮ್ಮ ಮನೆಯ ನಾಯಿ ಕರಿಯ ಹಿಂಗಾಲು ಬಿದ್ದು ಎರಡು ತಿಂಗಳು ಮಲಗಿದ್ದಾಗ ಹುಣಸೂರಿನ ನಮ್ಮ ಬೀದಿಯಲ್ಲಿ ಹಾದುಹೋದವರೆಲ್ಲ ಗೇಟಿನಾಚೆಯಿಂದ ಹೇಳುತ್ತಿದ್ದುದು ಒಂದೇ ಮಾತು: ‘ಬಿಟ್ಟುಬಿಡಿ ಅತ್ಲಾಗೆ.’ ಆದರೆ ಒಬ್ಬೊಬ್ಬರ ಬಾಯಲ್ಲೂ ಅದಕ್ಕೆ ಒಂದೊಂದು ಅರ್ಥ.

ಹಾಲಿನವನ ಅರ್ಥ ಸರಳವಾಗಿತ್ತು. ಗೋಣಿಚೀಲಕ್ಕೆ ಹಾಕಿ ಎಚ್.ಡಿ. ಕೋಟೆ ರಸ್ತೆಯಲ್ಲಿ ಕಾಡಂಚಿಗೆ ಬಿಟ್ಟು ಬಂದರೆ ರಾತ್ರಿ ಕಳೆಯುವುದರೊಳಗೆ ಚಿರತೆ ನೋಡಿಕೊಳ್ಳುತ್ತದೆ ಎಂದ. ಕೆಟ್ಟವನೇನಲ್ಲ ಅವನು. ಅವನ ಊರಿನಲ್ಲಿ ನಡೆಯುವುದನ್ನು ಹೇಳಿದ, ಅಷ್ಟೆ. ಪಕ್ಕದ ಮನೆಯ ಅಕ್ಕನ ಅರ್ಥದಲ್ಲಿ, ದೇವರಿಗೆ ಬಿಟ್ಟು ಸುಮ್ಮನಿರಬೇಕು. ಪಶು ಆಸ್ಪತ್ರೆಯ ಡಾಕ್ಟರು ಮಾತ್ರ ಆ ಮಾತನ್ನೇ ಆಡಲಿಲ್ಲ. ಕಿಡ್ನಿ ಸೋತಿದೆ, ಬೆನ್ನುಹುರಿಯಲ್ಲಿ ಇನ್ನು ಏನೂ ಉಳಿದಿಲ್ಲ ಎಂದು ತಿಳಿಸಿ, ‘ಯಾವಾಗ ಅನ್ನೋದನ್ನ ನೀವೇ ಹೇಳ್ಬೇಕಮ್ಮ’ ಎಂದರು.

ನಮ್ಮ ಅಜ್ಜಿಯರಿಗೆ ಈ ಪ್ರಶ್ನೆ ಬಂದಿರಲಾರದು ಎಂದು ನನಗೆ ಅನಿಸುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ನಾಯಿ ಎಂದರೆ ಹೊಲ ಕಾಯಲು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹತ್ತಿರ ರಾತ್ರಿ ಮಲಗಲು. ಅದು ಮುದಿಯಾಗುವುದೇ ಅಪರೂಪ. ಮರಿಯಾಗಿದ್ದಾಗ ಯಾವುದೋ ಕಾಯಿಲೆ, ಅದನ್ನು ದಾಟಿದರೆ ಹುಚ್ಚು, ಅದೂ ತಪ್ಪಿದರೆ ಲಾರಿ, ಇಲ್ಲವೇ ಚಿರತೆ. ಊರಿನ ಕಾಂಪೌಂಡಿನೊಳಗೆ ವರ್ಷಕ್ಕೊಂದು ಸೂಜಿ ಹಾಕಿಸಿ, ಮುದ್ದೆಯ ಜೊತೆ ಮೊಸರು ಕಲಸಿ ಹಾಕಿ ಹದಿಮೂರು ವರ್ಷ ಬಾಳಿಸಿದವರು ನಾವು. ನಾಯಿಗೆ ಮುಪ್ಪು ತಂದದ್ದು ನಮ್ಮ ಆರೈಕೆ. ಹಾಗಿರುವಾಗ ಆ ಮುಪ್ಪಿನ ಕೊನೆಯನ್ನು ಮಾತ್ರ ‘ಪ್ರಕೃತಿ ನೋಡಿಕೊಳ್ಳಲಿ’ ಎಂದು ಕೈ ತೊಳೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಕಾಡಂಚಿಗೆ ಬಿಟ್ಟು ಬರುವುದಂತೂ ಕಾನೂನಿಗೂ ಒಪ್ಪದ ಮಾತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯಿದೆಯ ಪ್ರಕಾರ ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ನಮ್ಮೂರಿನಲ್ಲಿ ಒಂದು ಮೊಳ ಮಲ್ಲಿಗೆಗೆ ಹಬ್ಬದ ದಿನ ಅಷ್ಟು ಕೊಡುತ್ತೇವೆ! ಆದರೆ ಅದೇ ಕಾಯಿದೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಇನ್ನೊಂದು ಕಲಮು ಇದೆ. ಒಂದು ಪ್ರಾಣಿಯನ್ನು ಬದುಕಿಸಿ ಇಟ್ಟುಕೊಳ್ಳುವುದೇ ಕ್ರೌರ್ಯವಾಗುತ್ತದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ, ಅದನ್ನು ಅನವಶ್ಯಕ ನೋವಿಲ್ಲದೆ ಕೊನೆಗಾಣಿಸಲು ಆದೇಶಿಸಬಹುದು. ಬದುಕಿಸುವುದೂ ಕ್ರೌರ್ಯವಾಗಬಹುದು ಎಂದು ಸರ್ಕಾರದ ಪುಸ್ತಕವೊಂದು ಅರವತ್ತು ವರ್ಷಗಳ ಹಿಂದೆಯೇ ಒಪ್ಪಿಕೊಂಡಿದೆ. ನಮಗೆ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ಎಷ್ಟು ಕಷ್ಟ.

ನಾಯಿಯ ಮಾತು ಬಂದಾಗಲೆಲ್ಲ ಯಾರಾದರೂ ಧರ್ಮರಾಯನನ್ನು ಕರೆತರುತ್ತಾರೆ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಆ ಕಥೆ ಅವನಲ್ಲಿ ಇಲ್ಲ. ಮುಂದಿನ ಪರ್ವಗಳನ್ನು ಕನ್ನಡಕ್ಕೆ ತಂದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಆದರೂ ಕಥೆ ಎಲ್ಲರಿಗೂ ಗೊತ್ತು. ಹೆಂಡತಿ, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದ ಮೇಲೆ ಜೊತೆಗೆ ಬಂದ ನಾಯಿಯನ್ನು ಬಿಟ್ಟು ರಥ ಹತ್ತಲಾರೆ ಎಂದ ಧರ್ಮರಾಯ. ಪಕ್ಕದ ಮನೆಯ ಅಕ್ಕ ಇದನ್ನೇ ನೆನಪಿಸಿ, ‘ಅವನೇ ಬಿಡ್ಲಿಲ್ಲ, ನೀನು ಬಿಡ್ತೀಯಾ?’ ಎಂದರು. ಆ ರಾತ್ರಿ ಯೋಚಿಸಿದೆ. ಕಥೆಯ ನಾಯಿ ಕೊನೆಯವರೆಗೂ ತನ್ನ ಕಾಲಮೇಲೆ ನಡೆಯಿತು. ಅದಕ್ಕೆ ಬೆನ್ನಹುಣ್ಣಿರಲಿಲ್ಲ. ಧರ್ಮರಾಯ ಒಲ್ಲೆ ಎಂದದ್ದು ಅದನ್ನು ದಾರಿಯಲ್ಲಿ ಒಂಟಿಯಾಗಿ ಬಿಟ್ಟು ತಾನು ಸುಖಕ್ಕೆ ಹೋಗುವುದನ್ನು. ನರಳುವ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ನರಳಾಟ ಮುಗಿಸುವುದನ್ನು ಅವನ ಮುಂದೆ ಯಾರೂ ಇಟ್ಟಿರಲಿಲ್ಲ.

ನಮ್ಮ ಸೀಮೆಯಲ್ಲಿ ನಾಯಿಗೆ ಕಲ್ಲು ನೆಟ್ಟು ಪೂಜೆ ಇಡಿಸಿದ್ದೂ ಉಂಟು. ಮದ್ದೂರಿನ ಹತ್ತಿರದ ಆತಕೂರಿನ ಶಾಸನ ಹತ್ತನೆಯ ಶತಮಾನದ್ದು. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಅದರ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ಎಂದು ಬರೆಸಲಾಯಿತು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾದಾಡಿ ಸತ್ತ ನಾಯಿಗೆ ಏನು ಮಾಡಬೇಕೆಂದು ಆ ಕಾಲದವರಿಗೆ ಚೆನ್ನಾಗಿ ತಿಳಿದಿತ್ತು. ಕಾಳಿ ಬದುಕಿ ಮುದಿಯಾಗಿ, ಎದ್ದು ಹೋಗಿ ಉಚ್ಚೆ ಹೊಯ್ಯಲಾರದೆ ಮಲಗಿದ್ದರೆ ಮಣಲೆರ ಏನು ಮಾಡುತ್ತಿದ್ದನೋ, ಶಾಸನ ಅದನ್ನು ಹೇಳುವುದಿಲ್ಲ.

ಆ ಉಚ್ಚೆಯ ಮಾತನ್ನು ಹೇಳದೆ ಈ ವಿಷಯ ಬರೆಯುವುದು ಸುಳ್ಳಾಗುತ್ತದೆ. ಮಲಗಿದ ನಾಯಿಯನ್ನು ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಸೊಂಟದ ಮೂಳೆಯ ಮೇಲೆ ಚರ್ಮ ಕಿತ್ತು ಹುಣ್ಣಾಗುತ್ತದೆ, ನೊಣ ಕೂತರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಹಳೆಯ ಸೀರೆಗಳನ್ನು ಹರಿದು ಕೆಳಗೆ ಹಾಸಿ, ಒದ್ದೆಯಾದಂತೆ ತೆಗೆದು, ಒಗೆದು, ಡೆಟಾಲಿನಲ್ಲಿ ಅದ್ದಿ ಒಣಗಿಸಬೇಕು. ಮಳೆ ಹಿಡಿದರೆ ಒಣಗುವುದೂ ಇಲ್ಲ. ನಮ್ಮ ಮನೆಯ ಗಂಡಸರೆಲ್ಲ ಕರಿಯನನ್ನು ತುಂಬ ಪ್ರೀತಿಸುವವರು. ಬೆಳಿಗ್ಗೆ ಹೊರಡುವಾಗ ತಲೆ ಸವರಿ, ‘ಪಾಪ, ಇರ್ಲಿ ಇರೋಷ್ಟು ದಿನ’ ಎಂದು ಹೇಳಿ ಸ್ಕೂಟರು ಹತ್ತುತ್ತಿದ್ದರು. ಇರುವಷ್ಟು ದಿನದ ಬಟ್ಟೆ ಒಗೆಯುತ್ತಿದ್ದವಳು ನಾನು. ಇದನ್ನು ಓದುವ ನಿಮ್ಮಲ್ಲಿ ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡವರು ಬಹಳ ಜನ ಇದ್ದೀರಿ. ಬೇರೆ ವಿವರ ಬೇಕಿಲ್ಲ.

ನಿಜವಾದ ತೊಡಕು ಇಲ್ಲೇ ಶುರುವಾಗುತ್ತದೆ. ಬಾಚಿ ಬಳಿಯುವ ಕೈಗೆ ನಾಯಿಯ ನೋವು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೆ ಆ ಕೈ ಸೋತಿದೆ. ‘ಅದರ ಕಷ್ಟ ನೋಡಲಾರೆ’ ಎಂದು ನಾನು ಹೇಳಿದಾಗ ಅದರಲ್ಲಿ ಎಷ್ಟು ಪಾಲು ಕರಿಯನ ಕಷ್ಟ, ಎಷ್ಟು ಪಾಲು ನನ್ನ ಸೊಂಟನೋವು? ಅಕ್ಕಿಯಿಂದ ಕಲ್ಲು ಆರಿಸಿದಂತೆ ಬೇರೆ ಮಾಡಲು ಕೂತರೆ ಆಗುವುದಿಲ್ಲ. ಎರಡೂ ಒಂದರೊಳಗೊಂದು ಬೆಂದು ಹೋಗಿವೆ.

ಕೊನೆಗೆ ನಾನು ಬೇರೆ ರೀತಿಯಲ್ಲಿ ಕೇಳಿಕೊಂಡೆ. ನಾಳೆಯಿಂದ ಒಬ್ಬ ಆಳು ಬಂದು ಎಲ್ಲವನ್ನೂ ನನಗಿಂತ ಚೆನ್ನಾಗಿ ಮಾಡಿದರೆ, ಕರಿಯ ಇನ್ನೂ ಇರಲಿ ಎನ್ನುತ್ತೇನೆಯೇ? ಮೊದಲ ತಿಂಗಳು ಉತ್ತರ ‘ಹೌದು’ ಎಂದೇ ಬರುತ್ತಿತ್ತು. ಆಗ ಅವನು ಮೊಸರನ್ನ ತಿನ್ನುತ್ತಿದ್ದ, ಸ್ಕೂಟರಿನ ಸದ್ದಿಗೆ ಕಿವಿ ನಿಮಿರಿಸುತ್ತಿದ್ದ. ಹಾಗಾಗಿ ಆ ತಿಂಗಳು ಒಗೆದೆ. ಎರಡನೆಯ ತಿಂಗಳಲ್ಲಿ ಉತ್ತರ ಬದಲಾಯಿತು. ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಗಂಡಸರ ‘ಇರ್ಲಿ’ಗೂ ಬಿಸಿ ತಟ್ಟುತ್ತದೆ ಅನ್ನಿ. ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ಆ ನರಳಾಟ ಕೇಳಬೇಕಾಗಿ ಬಂದಿದ್ದರೆ ಅವರೂ ‘ಇರ್ಲಿ’ ಎನ್ನುತ್ತಿದ್ದರೇ? ಸೋತವಳ ಉದ್ದೇಶವನ್ನು ಅನುಮಾನಿಸುವ ನಾವು, ಸೋಲದವರ ಕರುಣೆಯನ್ನು ಯಾಕೋ ಪರೀಕ್ಷಿಸುವುದಿಲ್ಲ.

ಗಾಂಧೀಜಿಯ ಕಥೆಯೊಂದು ನನಗೆ ಆಗ ಸಹಾಯಕ್ಕೆ ಬಂತು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ವಾಸಿಯಾಗದ ನೋವಿನಲ್ಲಿ ಒದ್ದಾಡುತ್ತಿತ್ತು. ಎಲ್ಲ ಉಪಚಾರವೂ ಮುಗಿದ ಮೇಲೆ ಗಾಂಧೀಜಿ ತಮ್ಮೆದುರಿಗೇ ಡಾಕ್ಟರಿಂದ ಸೂಜಿ ಹಾಕಿಸಿ ಅದನ್ನು ಕೊನೆಗಾಣಿಸಿದರು. ಅದೂ ಗೋವು, ಅದೂ ಅಹಿಂಸೆಯ ಆಶ್ರಮದಲ್ಲಿ! ದೇಶದೆಲ್ಲೆಡೆಯಿಂದ ಸಿಟ್ಟಿನ ಕಾಗದಗಳು ಬಂದವು. ಅವರು ಪತ್ರಿಕೆಯಲ್ಲೇ ಬರೆದು, ಸ್ವಾರ್ಥಕ್ಕೆ ಕೊಲ್ಲುವುದಕ್ಕೂ ನರಳುವ ಜೀವದ ಹಿತಕ್ಕೆ ಅದನ್ನು ಮುಗಿಸುವುದಕ್ಕೂ ಇರುವ ವ್ಯತ್ಯಾಸವನ್ನು ವಾದಿಸಿದರು. ಆದರೂ ಒಂದು ಮಾತು ಹೇಳುತ್ತೇನೆ. ಗಾಂಧೀಜಿ ತಮ್ಮ ಉದ್ದೇಶ ಶುದ್ಧ ಎಂದು ನಂಬಬಲ್ಲವರಾಗಿದ್ದರು. ನನ್ನಂಥವಳಿಗೆ ಆ ನಂಬಿಕೆ ಬರುವುದಿಲ್ಲ. ಬರುವವರೆಗೂ ಕಾಯುತ್ತೇನೆ ಎಂದರೆ ನನ್ನ ಶುದ್ಧಿಯ ಖರ್ಚನ್ನು ಕರಿಯ ಕೊಡಬೇಕಾಗುತ್ತದೆ.

ಬಲವಾದ ವಿರೋಧ ಬಂದದ್ದು ನಮ್ಮ ಅತ್ತೆಯಿಂದ. ಎಂಬತ್ತು ದಾಟಿದವರು, ಕೆ.ಆರ್. ನಗರದ ಕಡೆಯವರು. ‘ಪಡಕೊಂಡು ಬಂದಿದ್ದನ್ನ ಅನುಭವಿಸಿ ತೀರಿಸ್ಬೇಕು ಕಣವ್ವ. ನಡುವೆ ಕಿತ್ತಾಕಿದ್ರೆ ಮಿಕ್ಕಿದ್ದಕ್ಕೆ ಅದು ಇನ್ನೊಂದ್ಸಾರಿ ಹುಟ್ಬೇಕಾಯ್ತದೆ’ ಎಂದರು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ಪಕ್ಕದಲ್ಲೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಇದೆ. 1960ರ ದಶಕದ ಆರಂಭದಿಂದ ಅಲ್ಲಿ ನೆಲೆಸಿದ ಟಿಬೆಟಿನವರ ಧರ್ಮದಲ್ಲೂ ನರಳುವ ಪ್ರಾಣಿಯನ್ನು ಕರುಣೆಯಿಂದಲೇ ಆದರೂ ಕೊಲ್ಲುವುದಕ್ಕೆ ಸಾಮಾನ್ಯವಾಗಿ ಒಪ್ಪಿಗೆಯಿಲ್ಲ. ಜೊತೆಗಿದ್ದು, ಕಿವಿಯಲ್ಲಿ ಮಂತ್ರ ಹೇಳಿ, ತಾನಾಗಿ ಹೋಗಲು ಬಿಡುತ್ತಾರೆ. ಹಾಗೆ ಜೊತೆಗಿರುವವರ ಮುಂದೆ ನನ್ನ ವಾದವೆಲ್ಲ ಸ್ವಲ್ಪ ಅವಸರದ್ದಾಗಿ ಕಾಣುತ್ತದೆ.

ಅತ್ತೆಯ ಮಾತು ಕರ್ಮಕ್ಕೆ ನಿಲ್ಲಲಿಲ್ಲ. ಒಂದು ಸಂಜೆ ಹೂಬತ್ತಿ ಹೊಸೆಯುತ್ತ, ನನ್ನ ಮುಖ ನೋಡದೆ, ‘ನಾಳೆ ನನ್ನ ಕಾಲೂ ಬೀಳ್ತವೆ’ ಎಂದರು.

ನನಗೆ ಕೂತಲ್ಲೇ ಕೈಕಾಲು ತಣ್ಣಗಾಯಿತು. ಅವರು ಎರಡು ತಿಂಗಳಿಂದ ನಾಯಿಯ ವಿಷಯ ಮಾತಾಡಿರಲೇ ಇಲ್ಲ. ಸೊಸೆಯ ಸೋತ ಕೈ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನೋಡುತ್ತಿದ್ದರು. ‘ನಾಯಿ ಬೇರೆ, ನೀವು ಬೇರೆ ಅತ್ತೆ’ ಎಂದೆ. ಹೇಗೆ ಬೇರೆ ಎಂದು ಅವರು ಕೇಳಲಿಲ್ಲ, ನಾನೇ ಕೇಳಿಕೊಳ್ಳಬೇಕಾಯಿತು. ಮನುಷ್ಯರ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು 2011ರ ಅರುಣಾ ಶಾನಭಾಗ್ ತೀರ್ಪಿನಲ್ಲೂ 2018ರ ತೀರ್ಪಿನಲ್ಲೂ ಒಪ್ಪಿದ್ದು, ಗುಣವಾಗುವ ಆಸೆಯಿಲ್ಲದವರಿಗೆ ಯಂತ್ರದ ಉಸಿರಾಟದಂಥ ಚಿಕಿತ್ಸೆಯನ್ನು ನಿಲ್ಲಿಸುವುದನ್ನು ಮಾತ್ರ. ಸೂಜಿ ಹಾಕಿ ಮುಗಿಸುವುದನ್ನು ಒಪ್ಪಿಲ್ಲ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯೂ ಅಷ್ಟಕ್ಕೇ ಸಂಬಂಧಿಸಿದ್ದು. ಮನುಷ್ಯನಿಗೆ ಬಾಯಿದೆ, ‘ಸಾಕು’ ಎಂದೋ ‘ಇನ್ನೂ ಬೇಕು’ ಎಂದೋ ಹೇಳಬಲ್ಲ. ಮಗ ಬರುವವರೆಗೆ, ಮೊಮ್ಮಗಳ ಮದುವೆಯವರೆಗೆ ಎಂದು ನೋವನ್ನು ಹೊತ್ತುಕೊಳ್ಳಲು ಅವನಿಗೆ ಕಾರಣಗಳಿರುತ್ತವೆ. ನಾಯಿಗೆ ಬರುವ ಯುಗಾದಿ ಇಲ್ಲ. ಈ ಹೊತ್ತಿನ ನೋವು, ಈ ಹೊತ್ತಿನ ಅನ್ನ, ಅಷ್ಟೇ. ಈ ಹೊತ್ತಿನಲ್ಲಿ ನೋವು ಬಿಟ್ಟು ಬೇರೇನೂ ಉಳಿಯದಿದ್ದರೆ ಅದಕ್ಕೆ ಎಲ್ಲವೂ ಹೋದಂತೆ. ಇದನ್ನೆಲ್ಲ ಅತ್ತೆಗೆ ನನಗೆ ತಿಳಿದಷ್ಟು ಹೇಳಿದೆ. ಅವರು ‘ಹೂಂ’ ಎಂದರು.

ಡಾಕ್ಟರು ಹೇಳಿಕೊಟ್ಟ ಉಪಾಯವೇ ಕೊನೆಗೆ ಕೆಲಸಕ್ಕೆ ಬಂದದ್ದು. ದಿನಾ ರಾತ್ರಿ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು. ತಿಂದನೇ, ನೀರು ಕುಡಿದನೇ, ಕರೆದಾಗ ನೋಡಿದನೇ, ನರಳದೆ ನಿದ್ದೆ ಮಾಡಿದನೇ. ಒಳ್ಳೆಯ ದಿನಕ್ಕೆ ಸೊನ್ನೆ, ಕೆಟ್ಟ ದಿನಕ್ಕೆ ಅಡ್ಡಗೀಟು. ಗೀಟುಗಳು ಸೊನ್ನೆಗಳನ್ನು ದಾಟಿದಾಗ ಬನ್ನಿ ಎಂದಿದ್ದರು. ಮನಸ್ಸು ಒಂದು ಒಳ್ಳೆಯ ಗಳಿಗೆಯನ್ನು ಹಿಡಿದು ವಾರವನ್ನೆಲ್ಲ ಮರೆಯುತ್ತದೆ, ಕ್ಯಾಲೆಂಡರು ಮರೆಯುವುದಿಲ್ಲ. ಹದಿನೈದು ದಿನಕ್ಕೆ ಹನ್ನೊಂದು ಗೀಟಾದವು. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಎಣಿಸಿ, ಮಂಗಳವಾರ ಶುಕ್ರವಾರ ಬೇಡ, ಅಮಾವಾಸ್ಯೆ ಕಳೀಲಿ ಎಂದು ಹೇಳಿ ತಾವೇ ಒಂದು ಗುರುವಾರದ ಮೇಲೆ ಬೆರಳಿಟ್ಟರು. ಇದು ಒಪ್ಪಿಗೆಯೋ, ತಡೆಯಲಾಗದ್ದಕ್ಕೆ ದಿನ ನೋಡಿದ್ದೋ, ನಾನು ಕೇಳಲಿಲ್ಲ.

ಭಯಪಡುವವರಿಗಾಗಿ ಹೇಳುತ್ತೇನೆ. ಹಿಂದೆ ಪುರಸಭೆಗಳು ಬೀದಿನಾಯಿಗಳಿಗೆ ವಿಷ ಹಾಕಿಸುತ್ತಿದ್ದುದನ್ನು ನೋಡಿದ ಹಿರಿಯರಿಗೆ ಸೂಜಿ ಎಂದರೆ ಆ ಒದ್ದಾಟ ಕಣ್ಣಿಗೆ ಬರುತ್ತದೆ. ಇದು ಅದಲ್ಲ. ಮೊದಲು ಮಂಪರಿನ ಔಷಧಿ, ನಾಯಿ ನಿದ್ದೆಗೆ ಜಾರಿದ ಮೇಲೆ ಮುಂಗಾಲಿನ ನರಕ್ಕೆ ಅರಿವಳಿಕೆ ಮದ್ದು ಹೆಚ್ಚಿನ ಪ್ರಮಾಣದಲ್ಲಿ. ಕೆಲವೇ ನಿಮಿಷ. ಕಣ್ಣು ತೆರೆದೇ ಇರುತ್ತದೆ, ಆಮೇಲೂ ಒಂದೆರಡು ಸಲ ಮೈ ಅದುರಬಹುದು, ಅದು ಜೀವವಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮನೆಯಲ್ಲೇ ನಡೆಯಿತು. ಹಿತ್ತಲಿನ ಹೊಂಗೆ ಮರದ ಕೆಳಗೆ ಆಳವಾಗಿ ಗುಂಡಿ ತೆಗೆಸಿ ಉಪ್ಪು ಹಾಕಿ ಹೂತೆವು. ಅತ್ತೆ ಒಳಗಿಂದ ಒಂದು ಉದ್ಧರಣೆ ನೀರು ತಂದು ಬಾಯಿಗೆ ಬಿಟ್ಟರು.

ಅದಾದ ಮೇಲೆ ಒಂದು ತಿಂಗಳಿಗೆ ಅವರು ತಾವಾಗಿಯೇ ಕರೆದು, ‘ನನ್ನದೂ ಬರ್ಕೊ’ ಎಂದರು. ಮೈಸೂರಿಗೆ ಕರೆದುಕೊಂಡು ಹೋಗಿ ಮೂಗಿಗೆ ಕೊಳವೆ ಹಾಕಿಸಬಾರದು, ಮನೆಯಲ್ಲೇ ಇರಬೇಕು, ಹುಣ್ಣಾಗದಂತೆ ನೋಡಿಕೊಳ್ಳಬೇಕು, ಬಾಯಿ ಒಣಗಿದರೆ ನೀರು ಬಿಡುತ್ತಿರಬೇಕು. ‘ಸೂಜಿ ಗೀಜಿ ಏನೂ ಬ್ಯಾಡ’ ಎಂದು ಕೊನೆಗೆ ಸೇರಿಸಿದರು. ಬರೆದುಕೊಂಡೆ. 2023ರಿಂದ ನಿಯಮ ಸುಲಭವಾಗಿದೆ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿಯ ಹತ್ತಿರವೋ ಗೆಜೆಟೆಡ್ ಅಧಿಕಾರಿಯ ಹತ್ತಿರವೋ ದೃಢೀಕರಿಸಿದರೆ ಸಾಕು ಎಂದು ವಿವರಿಸಿ ಹೋಗೋಣವೇ ಎಂದೆ. ‘ನಿನ್ನ ಮುಂದೆ ಹೇಳಿದ್ದೀನಲ್ಲ’ ಎಂದು ಬತ್ತಿ ಹೊಸೆಯಲು ಕೂತರು. ಅವರ ಮಗ ಆ ಕಾಗದವನ್ನು ಓದಿ ಏನೂ ಹೇಳದೆ ಮಡಿಚಿಟ್ಟರು. ಸಹಿಯಿಲ್ಲದೆ ಅದು ಈಗಲೂ ಕ್ಯಾಲೆಂಡರಿನ ಹಿಂದೆ ಮೊಳೆಗೆ ಸಿಕ್ಕಿಸಿದೆ.