ನೆಲಕ್ಕಿಳಿದ ಸಾಮ್ರಾಜ್ಞಿ



ಆಜ್ಞಾಪಿಸುವ ಅಧಿಕಾರವಿಲ್ಲದ ಉನ್ನತ ಸ್ಥಾನದಿಂದ ಲೋಕಕ್ಕೇನು ಪ್ರಯೋಜನ? ಈ ಪ್ರಶ್ನೆಯನ್ನು ವಿಚಾರಿಸಲು, 1989ರಿಂದ 2019ರವರೆಗೆ ಜಪಾನಿನ ಸಾಮ್ರಾಜ್ಞಿಯಾಗಿದ್ದ ಮಿಚಿಕೊ ಅವರ ಬಾಳು ತಕ್ಕ ನಿದರ್ಶನವೆಂದು ನಮಗೆ ತೋರುತ್ತದೆ.

1947ರಲ್ಲಿ ಜಾರಿಗೆ ಬಂದ ಆ ದೇಶದ ಸಂವಿಧಾನವು ಚಕ್ರವರ್ತಿಯನ್ನು ರಾಷ್ಟ್ರದ ಸಂಕೇತವೆಂದು ಕರೆದು, ರಾಜ್ಯಭಾರದ ಅಧಿಕಾರವನ್ನು ಅವನಿಂದ ತೆಗೆದುಹಾಕಿತು. ಪತಿಗೇ ಇಲ್ಲದ ಅಧಿಕಾರ ಪತ್ನಿಗೆ ಎಲ್ಲಿಂದ ಬರಬೇಕು! ಇಂಥ ಮನೆತನಕ್ಕೆ ಮಿಚಿಕೊ 1959ರ ಏಪ್ರಿಲ್ 10ರಂದು ಸೊಸೆಯಾಗಿ ಬಂದರು. ಅವರು ಹಿಟ್ಟಿನ ಗಿರಣಿಗಳ ಉದ್ಯಮಿಯ ಮಗಳು. ಇಂಗ್ಲಿಷ್ ಸಾಹಿತ್ಯದ ಪದವೀಧರೆ. ಯುವರಾಜ ಅಕಿಹಿತೊ ಅವರನ್ನು ಕಂಡದ್ದು ಕರುಯಿಜಾವದ ಟೆನಿಸ್ ಅಂಗಳದಲ್ಲಿ. ಶ್ರೀಮಂತ ವಂಶಾವಳಿಯಿಲ್ಲದ ಕನ್ಯೆಯೊಬ್ಬಳು ಯುವರಾಜನ ಕೈಹಿಡಿದಳೆಂದು ಜನ ಹಿಗ್ಗಿದರು. ಅರಮನೆಯೊಳಗೆ ಎಲ್ಲರೂ ಹಿಗ್ಗಲಿಲ್ಲ. ಮಕ್ಕಳನ್ನು ಪರಿಚಾರಕರ ವಶಕ್ಕೊಪ್ಪಿಸುವ ಪದ್ಧತಿಯನ್ನು ಬಿಟ್ಟು, ತಾವೇ ಹಾಲೂಡಿ ಬೆಳೆಸಿದರು.

1991ರ ಜೂನ್ ತಿಂಗಳಲ್ಲಿ ಉನ್ಜೆನ್ ಜ್ವಾಲಾಮುಖಿಯ ಪ್ರಕೋಪಕ್ಕೆ 43 ಮಂದಿ ಬಲಿಯಾದರು. ಮರುತಿಂಗಳು ಅಲ್ಲಿಗೆ ಹೋದ ದಂಪತಿಗಳು ನಿರಾಶ್ರಿತರು ತಂಗಿದ್ದ ವ್ಯಾಯಾಮಶಾಲೆಯ ನೆಲದ ಮೇಲೆ ಮೊಣಕಾಲೂರಿ ಅವರೊಡನೆ ಮಾತನಾಡಿದರು. ಒಂದಾನೊಂದು ಕಾಲದಲ್ಲಿ ದೇವರೆಂದೇ ಎಣಿಸಲ್ಪಟ್ಟಿದ್ದ ಅರಸನ ಮಗ ಮತ್ತು ಸೊಸೆ ಹೀಗೆ ನೆಲಕ್ಕಿಳಿದರು! ಸಂಪ್ರದಾಯಸ್ಥರಲ್ಲಿ ಕೆಲವರು ಇದು ಉಚಿತವಲ್ಲವೆಂದು ಆಕ್ಷೇಪಿಸಿದರು. 1995ರಲ್ಲಿ ಕೋಬೆ ಪ್ರಾಂತ್ಯ ಭೂಕಂಪಕ್ಕೆ ತತ್ತರಿಸಿದಾಗ ಮಿಚಿಕೊ ಅರಮನೆಯ ತೋಟದ ನರ್ಗೀಸ್ ಹೂಗಳನ್ನು ಒಯ್ದು ಸುಟ್ಟ ಬೀದಿಯ ಅವಶೇಷಗಳ ಮೇಲಿಟ್ಟರು.

ಹೂವಿನಿಂದ ಮನೆ ಕಳೆದುಕೊಂಡವನಿಗೆ ಮನೆ ಬಂದೀತೇ ಎಂದು ನೀವು ಕೇಳಬಹುದು. ಬಾರದು. ಮನೆ ಕಟ್ಟಿಸಿಕೊಡುವುದು ಸರಕಾರದ ಕರ್ತವ್ಯ. ಸಾಂತ್ವನದ ಮಾತಿನಿಂದ ಆ ಋಣವನ್ನು ತೀರಿಸಲಾಗದು. ಆದರೆ ಸರ್ವಸ್ವವನ್ನೂ ಕಳೆದುಕೊಂಡವನಿಗೆ ತನ್ನ ದುಃಖವು ಲೆಕ್ಕಕ್ಕೆ ಬಂದಿದೆಯೆಂಬ ಅರಿವೂ ಬೇಕು. ಆ ಅರಿವನ್ನು ಎತ್ತರದಲ್ಲಿ ನಿಂತು ಕೊಡಲಾಗದು, ಸಮಕ್ಕೆ ಕುಳಿತೇ ಕೊಡಬೇಕು. ಪೀಠದ ಮೇಲೆ ಕುಳಿತು ನಮಸ್ಕಾರ ಸ್ವೀಕರಿಸುವ ನಮ್ಮಂಥವರಿಗೆ ಈ ದೃಶ್ಯ ತುಸು ಮುಜುಗರವನ್ನೂ ತರುತ್ತದೆಯೆಂಬುದನ್ನು ಮುಚ್ಚಿಡಲಾರೆವು.

ಇದಕ್ಕೆ ತೆತ್ತ ಬೆಲೆಯೇನು? 1993ರಲ್ಲಿ ಕೆಲವು ಪತ್ರಿಕೆಗಳು ಅವರ ಮೇಲೆ ಟೀಕೆಯ ಮಳೆಗರೆದವು. ಆ ವರ್ಷದ ಅಕ್ಟೋಬರ್ 20ರಂದು, ತಮ್ಮ 59ನೆಯ ಜನ್ಮದಿನದಂದೇ, ಅವರು ಕುಸಿದುಬಿದ್ದರು. ಕೆಲವು ತಿಂಗಳು ಬಾಯಿಂದ ಮಾತೇ ಹೊರಡಲಿಲ್ಲ. ಮುಂದೆ ಸೊಸೆ ಮಸಾಕೊ ಅವರೂ ಮನೋವ್ಯಾಕುಲತೆಯಿಂದ ಬಳಲುತ್ತಿರುವರೆಂದು 2004ರಲ್ಲಿ ಅರಮನೆಯೇ ಪ್ರಕಟಿಸಿತು. ಎರಡು ತಲೆಮಾರಿನ ಹೆಣ್ಣುಮಕ್ಕಳು ಒಂದೇ ಹೊಸ್ತಿಲಿನೊಳಗೆ ಬಳಲಿದಾಗ, ಅದನ್ನು ಅವರವರ ಮನೋದೌರ್ಬಲ್ಯವೆಂದು ತಳ್ಳಿಹಾಕುವುದು ನ್ಯಾಯವೇ? ಲೋಕಕ್ಕೆಲ್ಲ ಕರುಣೆಯನ್ನು ಹಂಚೆಂದು ಒಬ್ಬಳಿಗೆ ವಿಧಿಸುವ ವ್ಯವಸ್ಥೆಯು ಅವಳ ವಿಷಯದಲ್ಲಿಯೂ ಅಷ್ಟಿಷ್ಟು ಕರುಣೆಯುಳ್ಳದ್ದಾಗಿರಬೇಕು. ಹಾಗಿರಲಿಲ್ಲವೆಂದೇ ನಮ್ಮ ಅಭಿಪ್ರಾಯ.

1998ರಲ್ಲಿ ನವದೆಹಲಿಯಲ್ಲಿ ಮಕ್ಕಳ ಪುಸ್ತಕಗಳನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ನೆರೆದಾಗ, ಮಿಚಿಕೊ ವಿಡಿಯೋ ಮೂಲಕ ಮಾತನಾಡಿ, ಬಾಲ್ಯದಲ್ಲಿ ಕೇಳಿದ್ದ ಒಂದು ಕಥೆಯನ್ನು ನೆನೆದರು. ತನ್ನ ಚಿಪ್ಪಿನ ತುಂಬ ದುಃಖವೇ ಇದೆಯೆಂದು ಅರಿತ ಬಸವನಹುಳುವೊಂದು, ಇನ್ನು ಬದುಕಲಾರೆನೆಂದು ಗೆಳೆಯನ ಬಳಿಗೆ ಹೋಗುತ್ತದೆ. ನನ್ನ ಚಿಪ್ಪಿನಲ್ಲಿಯೂ ಅದೇ ಇದೆ, ಎನ್ನುತ್ತದೆ ಆ ಗೆಳೆಯ. ಮತ್ತೊಬ್ಬನ ಬಳಿಗೆ ಹೋದರೆ ಅವನದೂ ಅದೇ ಉತ್ತರ. ಬೆಳೆದ ಮೇಲೆಯೂ ಈ ಕಥೆ ತಮ್ಮನ್ನು ಬಿಡದೆ ಮತ್ತೆ ಮತ್ತೆ ನೆನಪಿಗೆ ಬರುತ್ತಿತ್ತೆಂದು ಅವರು ಹೇಳಿದರು.